ಬೆಸುಗೆ ಇಲ್ಲದೆ ರವೆ ಕೂರಿಸಿದ್ದು: ಒಂದು ಜೊತೆ ರಾಗಿ ತೆನೆ ಓಲೆಯ ಲೆಕ್ಕ

ಬೆಸುಗೆ ಇಲ್ಲದೆ ರವೆ, ಅಂದರೆ ಒಡವೆಯ ಮೇಲೆ ಸಾಲಾಗಿ ಕೂರಿಸುವ ಪುಟ್ಟ ಬೆಳ್ಳಿ ಗುಂಡು, ಹಿಡಿಯುತ್ತದೆಯೇ ಎಂದು ಬೆಂಗಳೂರಿನ ನಗರ್ತಪೇಟೆಯಲ್ಲಿ ಯಾವ ಅಕ್ಕಸಾಲಿಯನ್ನು ಕೇಳಿದರೂ ಒಂದೇ ಉತ್ತರ: "ಬೆಸುಗೆ ಪುಡಿ ಹಾಕದೆ ರವೆ ಹಿಡಿಯಲ್ಲಮ್ಮ, ಸುಮ್ನೆ ಬೆಳ್ಳಿ ಹಾಳು." ಕಾಲೇಜಿನ ಸ್ಟುಡಿಯೋದಲ್ಲೂ ಹೇಳಿದ್ದು ಅದನ್ನೇ, ಇಂಗ್ಲಿಷಿನಲ್ಲಿ. ಈಗ ಓಲೆ ಮುಗಿದಿದೆ. ಹಿತ್ತಾಳೆ ಬ್ರಷ್ಷಿನಲ್ಲಿ ಗಸಗಸ ತಿಕ್ಕಿದರೂ, ಸೂಜಿಯಿಂದ ಮೀಟಿದರೂ ಒಂದು ಗುಂಡೂ ಅಲುಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೆಸುಗೆ ಪುಡಿಯ ಮೇಲೆ ದ್ವೇಷವೇನಿಲ್ಲ. ಒಂದು ಮಿಲಿಮೀಟರಿಗಿಂತ ದೊಡ್ಡ ಗುಂಡಿಗೆ ಅದೇ ಸಲೀಸು. ಆದರೆ ನನ್ನ ತೆನೆಗೆ ಬೇಕಿದ್ದದ್ದು 0.6 ಮಿ.ಮೀ. ಗುಂಡು. ಆ ಗಾತ್ರದಲ್ಲಿ ಬೆಸುಗೆ ಹರಿದರೆ ಸಂದುಗಳೆಲ್ಲ ತುಂಬಿಕೊಂಡು ತೆನೆ ಹೋಗಿ ಉಪ್ಪಿಟ್ಟಾಗುತ್ತದೆ. ಗುಂಡು ತಗಡಿಗೆ ಒಂದು ಚುಕ್ಕೆಯಷ್ಟೇ ತಾಕಿ ನಿಂತು, ಅದರ ಕೆಳಗೆ ನೆರಳು ಉಳಿಯಬೇಕು. ರವೆ ಕೆಲಸದ ಚೆಂದವೆಲ್ಲ ಆ ನೆರಳಿನಲ್ಲೇ ಇದೆ.

ಗುಂಡು ಮಾಡುವುದು ಸುಲಭದ ಭಾಗ. 999 ಬೆಳ್ಳಿಯನ್ನು (ಅಪ್ಪಟ ಬೆಳ್ಳಿ) 0.4 ಮಿ.ಮೀ. ತಂತಿಗೆ ಎಳೆದು, ಒಂದೊಂದು ಮಿ.ಮೀ. ಉದ್ದಕ್ಕೆ ಕತ್ತರಿಸಿದರೆ ಕರಗಿದಾಗ 0.6 ಚಿಲ್ಲರೆ ಗುಂಡು ಬರುತ್ತದೆ. ಒಂದು ಗ್ರಾಂಗೆ ಸುಮಾರು 750. ಮೂಸೆಯಲ್ಲಿ ಇದ್ದಿಲ ಪುಡಿ ಒಂದು ಪದರ, ತುಂಡುಗಳು ಒಂದು ಪದರ, ಹೀಗೆ ನಾಲ್ಕೈದು. ಮೊದಲ ಸಲ ಅಗಲ ಬಾಯಿಯ ಮೂಸೆ ಬಳಸಿದೆ. ಅಂಚಿನವು ದುಂಡಾದವು, ನಡುವಿನವು ಜೀರಿಗೆಯ ಹಾಗೆ ಉಳಿದವು. ಇದ್ದಿಲ ಪುಡಿ ಕಾವನ್ನು ಒಳಗೆ ಬಿಡುವುದೇ ಇಲ್ಲ. ಕಿರಿದಾದ ಮೂಸೆ ಹಿಡಿದು, ಇಡೀ ಮೂಸೆ ಕಿತ್ತಳೆ ಬಣ್ಣಕ್ಕೆ ಬಂದ ಮೇಲೂ ಹತ್ತು ಹದಿನೈದು ನಿಮಿಷ ಕಾಯಿಸಿದ ಮೇಲೆ ಆ ತೊಂದರೆ ತಪ್ಪಿತು. ಆರಿದ ಮೇಲೆ ಪಾತ್ರೆ ತೊಳೆಯುವ ಸೋಪಿನ ನೀರಿಗೆ ಸುರಿದರೆ ಇದ್ದಿಲು ತೇಲುತ್ತದೆ, ಬೆಳ್ಳಿ ತಳಕ್ಕೆ ಕೂರುತ್ತದೆ. ಗಾತ್ರ ಬೇರ್ಪಡಿಸಲು ಟೀ ಜರಡಿ, ಮೈದಾ ಜರಡಿ ಸಾಕು. ಸೊಟ್ಟಗಿರುವುದನ್ನು ತೆಗೆಯಲು ಗಾಜಿನ ತುಂಡನ್ನು ಸ್ವಲ್ಪ ಓರೆ ಹಿಡಿಯಿರಿ. ದುಂಡಗಿರುವುದು ಉರುಳಿ ಕೆಳಗೆ ಬರುತ್ತದೆ, ಉಳಿದದ್ದು ಅಲ್ಲೇ ನಿಲ್ಲುತ್ತದೆ.

ಬೆಸುಗೆಯ ಬದಲು ಬೇಕಾಗುವುದು ಒಂದು ಹಸಿರು ಪುಡಿ, ತಾಮ್ರದ ಕಾರ್ಬೊನೇಟ್. ಕಾವಿಗೆ ಅದರ ತಾಮ್ರ ಬೆಳ್ಳಿಯ ಜೊತೆ ಬೆರೆತು ಗುಂಡನ್ನು ತಗಡಿಗೆ ಹಿಡಿಸುತ್ತದೆ. ಅದನ್ನು ಮನೆಯಲ್ಲೇ ಮಾಡಿದೆ. ಗೊಬ್ಬರದ ಅಂಗಡಿಯ ಮೈಲುತುತ್ತ 25 ಗ್ರಾಂ ಒಂದು ಲೋಟ ನೀರಿನಲ್ಲಿ, ಸೋಡಾ ಆಶ್ ಹನ್ನೊಂದು ಹನ್ನೆರಡು ಗ್ರಾಂ ಇನ್ನೊಂದು ಲೋಟದಲ್ಲಿ. ಎರಡನೆಯದನ್ನು ಮೊದಲನೆಯದಕ್ಕೆ ನಿಧಾನವಾಗಿ ಹುಯ್ಯಬೇಕು, ನೊರೆ ಉಕ್ಕುತ್ತದೆ, ದೊಡ್ಡ ಪಾತ್ರೆ ಇರಲಿ. ತಳಕ್ಕೆ ಕೂತ ಹಸಿರನ್ನು ನಾಲ್ಕೈದು ನೀರಿನಲ್ಲಿ ತೊಳೆದು, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿದರೆ ಹತ್ತು ಗ್ರಾಂ ಸಿಗುತ್ತದೆ. ಅಷ್ಟರಲ್ಲಿ ಒಂದು ಜನ್ಮಕ್ಕಾಗುವಷ್ಟು ಓಲೆ ಮಾಡಬಹುದು. ಬೇಗ ಒಣಗಲಿ ಎಂದು ಒಲೆಯ ಮೇಲಿಟ್ಟ ಒಂದು ಸರದಿ ಕಪ್ಪಗಾಯಿತು. ಕಪ್ಪು ಪುಡಿಯೂ ಕೆಲಸ ಮಾಡುತ್ತದೆ, ಆದರೆ ತರಿತರಿ, ಕುಂಚದಲ್ಲಿ ಹರಿಯುವುದಿಲ್ಲ. ನೆರಳಿನಲ್ಲೇ ಒಣಗಿಸಿ. ಅರೆಯುವಾಗ ಮೂಗಿಗೆ ಮಾಸ್ಕ್ ಇರಲಿ.

ಅಂಟಿಗೆ ಮೊದಲು ಗೋಂದು ಬಳಸಿದೆ. ಒಣಗಿದಾಗ ಚೆನ್ನಾಗಿ ಹಿಡಿಯುತ್ತದೆ, ಬಿಸಿ ತಾಕಿದ ಕೂಡಲೇ ಉಬ್ಬಿ ಗುಂಡುಗಳನ್ನು ಎತ್ತಿ ಎಸೆಯುತ್ತದೆ. ಕೊನೆಗೆ ಹಳಬರ ದಾರಿಗೇ ಬಂದೆ: ಗುಲಗಂಜಿ. ಚಿಕ್ಕಪೇಟೆ ಕಡೆಯ ಗ್ರಂಧಿಗೆ ಅಂಗಡಿಯಲ್ಲಿ ಐವತ್ತು ಗ್ರಾಂಗೆ ಆಗ ನಲವತ್ತೋ ಐವತ್ತೋ ರೂಪಾಯಿ ಕೊಟ್ಟಿದ್ದೆ. ರಾತ್ರಿ ನೆನೆಹಾಕಿ, ಕೆಂಪು ಸಿಪ್ಪೆ ಬಿಡಿಸಿ, ಒಳಗಿನ ಬೇಳೆಯನ್ನು ಸಾಣೆಕಲ್ಲಿನ ಮೇಲೆ ನೀರು ಹಾಕಿ ಗಂಧದ ಹಾಗೆ ತೇಯಬೇಕು. ಗುಲಗಂಜಿ ಬೀಜ ಕಡು ವಿಷ. ಆ ಕಲ್ಲು ದೇವರ ಮನೆಗೋ ಅಡುಗೆ ಮನೆಗೋ ಮತ್ತೆ ಹೋಗಕೂಡದು, ಕೈಯಲ್ಲಿ ಗಾಯವಿದ್ದರೆ ಗ್ಲವ್ಸ್ ಹಾಕಿ, ಒಣಪುಡಿ ಮಾಡಲೇಬೇಡಿ. ಒಂದು ಪಾಲು ಹಸಿರು ಪುಡಿ, ಒಂದು ಪಾಲು ಗುಲಗಂಜಿ ಗಂಧ, ಎಂಟು ಹತ್ತು ಪಾಲು ನೀರು. ಇದಕ್ಕೆ ನಾನು ಇನ್ನೊಂದು ಹನಿ ಬೇರೊಂದನ್ನು ಸೇರಿಸುತ್ತೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಅದಿಲ್ಲದೆಯೂ ಕೆಲಸ ಆಗುತ್ತದೆ.

ಕಾಯುವಾಗ ಬೆಳ್ಳಿಯ ಮೈ ಚೊಕ್ಕವಾಗಿರಲು ಅಂಟಿಗೆ ಸೇರಿಸುವ ಬಿಳಿಗಾರವನ್ನು (ಬೋರಾಕ್ಸ್) ಹಸಿಯಾಗಿ ಹಾಕಬೇಡಿ. ಕಾವಿಗೆ ಅರಳಿನ ಹಾಗೆ ಹಿಗ್ಗಿ ಸಾಲು ಕೆಡಿಸುತ್ತದೆ. ಹಳೆಯ ತವದ ಮೇಲೆ ಮೊದಲೇ ಅರಳಿಸಿ, ನುಣ್ಣಗೆ ಅರೆದು, ಚಿಟಿಕೆಯಷ್ಟು ಮಾತ್ರ.

ಈಗ ಬೆಂಕಿಯ ಮಾತು. ನನ್ನ ದುಡ್ಡೆಲ್ಲ ಹೋಗಿದ್ದು ಇಲ್ಲಿ.

ಪ್ರಯೋಗಕ್ಕೆ 18 ಮಿ.ಮೀ. ಚೌಕದ, ಅರ್ಧ ಮಿ.ಮೀ. ದಪ್ಪದ ತಗಡುಗಳನ್ನು ಕತ್ತರಿಸಿಕೊಂಡೆ, ಒಂದೊಂದು ಒಂದೂಮುಕ್ಕಾಲು ಗ್ರಾಂ ತೂಗುತ್ತದೆ. ಒಟ್ಟು ಇಪ್ಪತ್ತೆರಡು ಸುಟ್ಟಿದ್ದೇನೆ. ಮೊದಲ ಎಂಟೂ ಕೈಕೊಟ್ಟವು. ಮೊದಲನೆಯದರಲ್ಲಿ ಅರವತ್ತು ಗುಂಡು ಕೂರಿಸಿ, ಬ್ರಷ್ ಆಡಿಸಿದ ಮೇಲೆ ಉಳಿದದ್ದು ಹನ್ನೊಂದು. ಕಾರಣ ಗೊತ್ತಾಗಲು ನಾಲ್ಕು ತಗಡು ಬೇಕಾಯಿತು: ಜ್ವಾಲೆ ತೀರಾ ನೀಲಿ, ತೀರಾ ಚೂಪು. ಗಾಳಿ ಹೆಚ್ಚಾದರೆ ತಾಮ್ರ ಕಪ್ಪು ಆಕ್ಸೈಡಾಗಿಯೇ ನಿಂತುಬಿಡುತ್ತದೆ, ಬೆಳ್ಳಿಯ ಜೊತೆ ಬೆರೆಯುವುದಿಲ್ಲ. ಗ್ಯಾಸ್ ಟಾರ್ಚಿನ ಗಾಳಿ ತೂತನ್ನು ಅರ್ಧ ಮುಚ್ಚಿ, ತುದಿ ಹಳದಿಯಾಗಿ ಮೆತ್ತಗೆ ತೂಗಾಡುವ ಜ್ವಾಲೆ ಹಿಡಿದಾಗ ಒಂಬತ್ತನೆಯ ತಗಡಿನಲ್ಲಿ ಮುಕ್ಕಾಲು ಪಾಲು ಹಿಡಿಯಿತು. ತಗಡನ್ನು ಇಟ್ಟಿಗೆಯ ಮೇಲಲ್ಲ, ಇದ್ದಿಲ ದಿಮ್ಮಿಯ ಮೇಲಿಡಿ. ಇನ್ನೊಂದು ಇದ್ದಿಲ ತುಂಡನ್ನು ಹಿಂದೆ ಗೋಡೆಯ ಹಾಗೆ ನಿಲ್ಲಿಸಿ.

ಎರಡನೆಯ ತಪ್ಪು ಬೆಳಕಿನದು. ತಾರಸಿಯ ಮೇಲೆ ಹಗಲು ಹೊತ್ತು ಮಾಡುತ್ತಿದ್ದೆ. ಬಿಸಿಲಿನಲ್ಲಿ ಕೆಂಪು ಕಾಣುವುದಿಲ್ಲ, ಆಷಾಢದ ಗಾಳಿ ಬೇರೆ ಜ್ವಾಲೆಯನ್ನು ಕಿತ್ತುಕೊಂಡು ಹೋಗುತ್ತದೆ. ಈಗ ಸಂಜೆ ಏಳರ ಮೇಲೆ, ಕಿಟಕಿ ತೆರೆದು, ಬಲ್ಬ್ ಆರಿಸಿ ಮಾಡುತ್ತೇನೆ. ಬೆಳ್ಳಿ ಮತ್ತು ತಾಮ್ರ ಸೇರಿ ಕರಗುವುದು 779 ಡಿಗ್ರಿಯಲ್ಲಿ, ಬರಿ ಬೆಳ್ಳಿ 961ರಲ್ಲಿ. ನಮ್ಮ ಆಟವೆಲ್ಲ ಈ ಎರಡರ ನಡುವೆ. ಅಂಟು ಸುಟ್ಟು ಕಪ್ಪಾಗುತ್ತದೆ, ಆಮೇಲೆ ಮಂಕು ಕೆಂಪು, ಆಮೇಲೆ ಚೆರ್ರಿ ಕೆಂಪು, ಆಗ ಇದ್ದಕ್ಕಿದ್ದಂತೆ ಗುಂಡುಗಳ ಬುಡದಲ್ಲಿ ನೀರು ಹರಿದ ಹಾಗೆ ಒಂದು ಮಿಂಚು ಓಡುತ್ತದೆ. ಒಂದು, ಎರಡು ಎಣಿಸಿ ಜ್ವಾಲೆ ತೆಗೆಯಿರಿ. ನಾಲ್ಕು ಎಣಿಸಿದ ಹನ್ನೆರಡನೆಯ ತಗಡಿನಲ್ಲಿ ಗುಂಡುಗಳು ಅರ್ಧ ಮುಳುಗಿದವು, ತಗಡಿನ ಮೈ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತು. ನೋಡಲು ಚೆನ್ನಾಗಿಯೇ ಇದೆ, ಅದನ್ನು ಪೆಂಡೆಂಟ್ ಮಾಡಿಕೊಳ್ಳುವ ಯೋಚನೆಯಿದೆ.

ಮೂರನೆಯದು ಗ್ಯಾಸು. ಕೈಯಲ್ಲಿ ಹಿಡಿಯುವ ಬ್ಯೂಟೇನ್ ಟಾರ್ಚಿನ ಡಬ್ಬಿ ಐದಾರು ನಿಮಿಷ ಉರಿದರೆ ತಣ್ಣಗಾಗಿ ಒತ್ತಡ ಇಳಿಯುತ್ತದೆ. ಸರಿಯಾಗಿ ಮಿಂಚು ಬರುವ ಹೊತ್ತಿಗೆ ಜ್ವಾಲೆ ಸೊರಗುತ್ತದೆ! ಎರಡು ಡಬ್ಬಿ ಇಟ್ಟುಕೊಂಡು ಅದಲುಬದಲು ಮಾಡಿದೆ. ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಮನೆಯ ಕಾಯಿಲ್ ಒಲೆ. ತಗಡನ್ನು ಮೊದಲು ಅದರ ಮೇಲಿಟ್ಟು ಕಾಲು ಗಂಟೆ ಬೆಚ್ಚಗೆ ಮಾಡಿದರೆ ಅಂಟಿನ ತೇವ ಪೂರ್ತಿ ಹೋಗುತ್ತದೆ, ಟಾರ್ಚಿನ ಕೆಲಸ ಒಂದೂವರೆ ನಿಮಿಷಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಇದನ್ನು ಬಿಡಲೇಬಾರದು. ಮೇಲೆ ಒಣಗಿದಂತೆ ಕಂಡರೂ ಗುಂಡಿನ ಕೆಳಗೆ ಹಸಿ ಇರುತ್ತದೆ.

ತಗಡು ಗೆದ್ದೆ ಎಂದುಕೊಂಡು ತೆನೆಗೆ ಕೈ ಹಾಕಿದೆ, ಮತ್ತೆ ಸೋತೆ. ರಾಗಿ ತೆನೆ ಎಂದರೆ ಮಡಚಿದ ಬೆರಳುಗಳ ಹಾಗೆ. ನನ್ನದರಲ್ಲಿ ಐದು ಬೆರಳು, ಒಂದೊಂದು 14 ಮಿ.ಮೀ. ಉದ್ದ, ಮೂರು ಸಾಲು ಗುಂಡು. ಒಂದು ಬೆರಳಿಗೆ ಹತ್ತಿರ ಎಪ್ಪತ್ತು, ಓಲೆಗೆ 350, ಜೊತೆಗೆ ಏಳು ನೂರು. ಬೆರಳುಗಳನ್ನು ಮೊದಲೇ ಕತ್ತರಿಸಿ ಬಗ್ಗಿಸಿ ಕೂರಿಸಿದೆ. ತುದಿಗಳು ತೆಳು, ಬುಡ ದಪ್ಪ. ಬುಡದಲ್ಲಿ ಇನ್ನೂ ಮಂಕು ಕೆಂಪು ಇರುವಾಗಲೇ ತುದಿಗಳು ಕರಗಿ ಮುದುಡಿದವು. ಎರಡು ಓಲೆ, ಎಂಟು ಗಂಟೆ ಕುಂಚ ಹಿಡಿದ ಕೆಲಸ ಹೋಯಿತು.

ಪರಿಹಾರ ಕೇಳಿ ಸ್ಟುಡಿಯೋದಲ್ಲಿ ನಕ್ಕರು: ಮೊದಲು ಕೂರಿಸು, ಆಮೇಲೆ ಕತ್ತರಿಸು. ಕತ್ತರಿಸದ ಚೌಕ ತಗಡಿನ ಮೇಲೆ ತೆನೆಯ ಗೆರೆ ಎಳೆದು, ಗೆರೆಯೊಳಗೆ ಗುಂಡು ಕೂರಿಸಿ, ಸುಟ್ಟು, ಆಮೇಲೆ 4/0 ನಂಬರಿನ ಸಣ್ಣ ಗರಗಸದಲ್ಲಿ ಬೆರಳುಗಳನ್ನು ಬಿಡಿಸಿ, ಕೊನೆಗೆ ಬಗ್ಗಿಸಿದೆ. ಇಡೀ ತಗಡು ಒಂದೇ ಸಮನೆ ಕಾಯುತ್ತದೆ, ತುದಿ ಬುಡ ಎಂಬ ಭೇದವಿಲ್ಲ. ಗುಂಡಿನ ಸಾಲಿನಿಂದ 0.3 ಮಿ.ಮೀ. ಅಂಚು ಬಿಡಿ, ಇಲ್ಲದಿದ್ದರೆ ಬ್ಲೇಡು ಗುಂಡನ್ನು ಕೆರೆಯುತ್ತದೆ. "ಬಗ್ಗಿಸಿದಾಗ ಎಲ್ಲ ಉದುರುತ್ತೆ ನೋಡ್ತಿರು" ಎಂದವರ ಮುಂದೆಯೇ ಬಗ್ಗಿಸಿದೆ. ಏಳು ನೂರರಲ್ಲಿ ಮೂರು ಉದುರಿದವು, ಮೂರೂ ಪಕ್ಕದವಕ್ಕೆ ತಾಕದೆ ಒಂಟಿಯಾಗಿ ಕೂತಿದ್ದವು. ಗುಂಡು ತಗಡಿಗಷ್ಟೇ ಅಲ್ಲ, ಪಕ್ಕದ ಗುಂಡಿಗೂ ಒರಗಿರಬೇಕು.

ಕೂರಿಸುವ ಕೈ ಪಳಗಲು ನಿಜವಾದ ರಾಗಿಯಲ್ಲೇ ಅಭ್ಯಾಸ ಮಾಡಿದೆ, ಬೆಳ್ಳಿ ಗುಂಡಿಗಿಂತ ದೊಡ್ಡದು, ಖರ್ಚಿಲ್ಲ. ಒದ್ದೆ ಮಾಡಿದ ಮೂರು ಸೊನ್ನೆ (000) ನಂಬರಿನ ಸಣ್ಣ ಕುಂಚದ ತುದಿಯಲ್ಲಿ ಎತ್ತಿದರೆ ಗಂಟೆಗೆ ಎಂಬತ್ತು ತೊಂಬತ್ತು ಗುಂಡು ಕೂರುತ್ತವೆ.

ನಡುವೆ ಬೇರೆ ಆಟಗಳನ್ನೂ ಆಡಿದೆ. ತಾಮ್ರದ ಗುಂಡನ್ನು ಬೆಳ್ಳಿಯ ಮೇಲೆ ಕೂರಿಸಿ ಕೆಂಪು ಬಿಳುಪು ಮಾಡೋಣವೆಂದರೆ, ಮಿಂಚಿದ ಮೇಲೂ ತಾಮ್ರ ಬೆಳ್ಳಿಯನ್ನು ತಿನ್ನುತ್ತಾ ಇಳಿಯುತ್ತದೆ, ಗುಂಡು ಇದ್ದಲ್ಲಿ ಗುಳಿ. ತಾಮ್ರ ಬೆರೆತ 925 ಬೆಳ್ಳಿಯ ತಗಡಿನಲ್ಲಿ ಕೂರಿಸಿದ ಎರಡು ಚೌಕಗಳಲ್ಲಿ ತಗಡೇ ಕುಸಿಯಿತು, ಅದು 800ರ ಆಚೀಚೆಗೇ ಮೆತ್ತಗಾಗುತ್ತದೆ, ಕೈಗೆ ಸಿಗುವ ಅಂತರವೇ ಇಲ್ಲ. ಚೆನ್ನಾಗಿ ಬಂದದ್ದು ಇನ್ನೊಂದು: ತಾಮ್ರ ತೊಳೆದು ನೀಲಿಯಾದ ಹಳೆಯ ಆಸಿಡ್ ನೀರಿಗೆ ಗುಂಡುಗಳನ್ನು ಹಾಕಿ, ಕಬ್ಬಿಣದ ತಂತಿಯಿಂದ ಕಲಕಿದರೆ ಪ್ರತಿ ಗುಂಡಿಗೂ ತೆಳ್ಳನೆಯ ತಾಮ್ರದ ಹೊದಿಕೆ ಬರುತ್ತದೆ. ಹಸಿರು ಪುಡಿಯೇ ಬೇಡ, ಬರಿ ಗುಲಗಂಜಿ ಸಾಕು. ಮುಂದಿನ ಜೊತೆ ಹೀಗೇ ಮಾಡುತ್ತೇನೆ. ಎಷ್ಟು ಹೊತ್ತು ಕಲಕಬೇಕು ಎನ್ನುವುದನ್ನು ನೀವೇ ಕಂಡುಕೊಳ್ಳಿ.

ಖರ್ಚು ನೆನಪಿದ್ದಷ್ಟು: ಬೆಳ್ಳಿ ಅರವತ್ತು ಗ್ರಾಂ, ಆಗ ಗ್ರಾಂಗೆ ನೂರರ ಆಸುಪಾಸು, ಆರು ಸಾವಿರ. ಟಾರ್ಚು ಒಂಬೈನೂರು. ಗ್ಯಾಸ್ ಡಬ್ಬಿ ಹತ್ತು ಹನ್ನೊಂದು, ಎರಡು ಸಾವಿರ ಮುಟ್ಟಿರಬೇಕು. ಮೈಲುತುತ್ತ, ಸೋಡಾ, ಇದ್ದಿಲು, ಬ್ಲೇಡು ಎಲ್ಲ ಸೇರಿ ಸಾವಿರದೊಳಗೆ. ಕೆಟ್ಟ ತಗಡುಗಳನ್ನು ಕರಗಿಸಿ ಮಾರಲು ಹೋದರೆ ತಾಮ್ರ ಸೇರಿದೆಯೆಂದು ಟಚ್ (ಬೆಳ್ಳಿಯ ಶುದ್ಧತೆ) ನೋಡಿ ಬೆಲೆ ಕಳೆಯುತ್ತಾರೆ. ಮಾರದೆ ಇಟ್ಟುಕೊಂಡಿದ್ದೇನೆ, ಬೆಸುಗೆ ಮಾಡಿಕೊಳ್ಳಲು ಆಗುತ್ತದೆ. ಓಲೆಯಲ್ಲಿ ಕೊನೆಗೆ ಉಳಿದ ಬೆಳ್ಳಿ, ಒಂದು ಜೊತೆಗೆ, ಆರು ಗ್ರಾಂ ಚಿಲ್ಲರೆ.

ಹಿಂದಿನ ತಿರುಪು ಕಡ್ಡಿಗೆ ಮಾತ್ರ ಬೆಸುಗೆ ಬೇಕೇ ಬೇಕು. ಬೇಗ ಕರಗುವ ಬೆಸುಗೆ ತೆಗೆದುಕೊಂಡು, ಮುಂದಿನ ಗುಂಡುಗಳಿಗೆ ಕಾವಿ ಮಣ್ಣನ್ನು ನೀರಿನಲ್ಲಿ ಕಲಸಿ ದಪ್ಪಗೆ ಬಳಿಯಿರಿ, ಬೆಸುಗೆ ಅತ್ತ ಹರಿಯುವುದಿಲ್ಲ. ಸುಟ್ಟ ಕಪ್ಪು ಹೋಗಲು ಅದ್ದಿದ ಆಸಿಡ್ ನೀರಿನಿಂದ ತೆಗೆದ ಮೇಲೆ, ನೀರಿಗೆ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ಕುದಿಸಿ. ಗುಂಡುಗಳ ಸಂದಿನಲ್ಲಿ ಕೂತ ಆಸಿಡ್ ಬರಿ ನೀರಿಗೆ ಬರುವುದಿಲ್ಲ, ವಾರ ಕಳೆದ ಮೇಲೆ ಹಸಿರಾಗಿ ಜಿನುಗುತ್ತದೆ. ಆಮೇಲೆ ಅಂಟುವಾಳದ ನೊರೆ, ಹಿತ್ತಾಳೆ ಬ್ರಷ್. ಬಫಿಂಗ್ ಗಾಲಿಗೆ ಮಾತ್ರ ಹಿಡಿಯಬೇಡಿ, ಗುಂಡಿನ ತಲೆಗಳು ಚಪ್ಪಟೆಯಾಗುತ್ತವೆ.