ಕ್ಯೂಜಿಐಎಸ್‌ನಲ್ಲಿ ಕೆರೆಯ ಸುತ್ತ 500 ಮೀಟರ್ ಬಫರ್: ನನ್ನ ಅನುಭವ

ಭೂಪಟ ತಯಾರಿಸುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ತುಮಕೂರು ಕಡೆಯ ಕೆರೆಗಳ ಅಂಚನ್ನು ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆದು ಹೊಸ ಪದರ (ಲೇಯರ್) ಮಾಡಿದ್ದೆ. ಅದಕ್ಕೆ 500 ಮೀಟರ್ ಬಫರ್, ಅಂದರೆ ಕೆರೆಯ ಸುತ್ತ ಅಷ್ಟು ಅಗಲದ ಪಟ್ಟಿ, ಕೊಡಲು 500 ಎಂದು ತುಂಬಿದರೆ ಇಡೀ ಭೂಪಟವೇ ಮುಚ್ಚಿಹೋಗುತ್ತಿತ್ತು. ಪದರ ಇದ್ದದ್ದು ಇಪಿಎಸ್‌ಜಿ 4326ರಲ್ಲಿ, ಅಂದರೆ ಸ್ಥಳವನ್ನು ಅಕ್ಷಾಂಶ, ರೇಖಾಂಶಗಳ ಡಿಗ್ರಿಯಲ್ಲಿ ಗುರುತಿಸುವ ನಿರ್ದೇಶಾಂಕ ವ್ಯವಸ್ಥೆಯಲ್ಲಿ (ಸಿಆರ್‌ಎಸ್). ಅಲ್ಲಿ 500 ಎಂದರೆ 500 ಡಿಗ್ರಿ.

ಪ್ರಾಜೆಕ್ಟ್‌ನ ಸಿಆರ್‌ಎಸ್ ಬದಲಿಸಿದರೆ ಏನೂ ಆಗಲಿಲ್ಲ. ಅದು ಬರೀ ತೋರಿಕೆ. 'ಸೆಟ್ ಲೇಯರ್ ಸಿಆರ್‌ಎಸ್'ನಲ್ಲಿ ಮೀಟರ್ ಲೆಕ್ಕದ ಸಿಆರ್‌ಎಸ್ ಆದ 32643 ಕೊಟ್ಟಾಗ ಕೆರೆಗಳೆಲ್ಲ ಸಮಭಾಜಕ ವೃತ್ತದ ಬಳಿ ಹಿಂದೂ ಮಹಾಸಾಗರಕ್ಕೆ ಹೋಗಿ ಬಿದ್ದವು. ಅದು ಹಣೆಪಟ್ಟಿಯನ್ನಷ್ಟೇ ಬದಲಿಸುತ್ತದೆ, ಅಂಕಿಗಳನ್ನಲ್ಲ.

ಕೆಲಸ ಮಾಡಿದ ಕ್ರಮ ಇದು. ಮೊದಲು ಪದರದ ಸಿಆರ್‌ಎಸ್ ಅನ್ನು ಮತ್ತೆ 4326ಕ್ಕೇ ತರಬೇಕು. ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಬಳಿಕ ವೆಕ್ಟರ್ ಮೆನು, ಡೇಟಾ ಮ್ಯಾನೇಜ್‌ಮೆಂಟ್ ಟೂಲ್ಸ್, ರೀಪ್ರಾಜೆಕ್ಟ್ ಲೇಯರ್. ಇದು ಅಂಕಿಗಳನ್ನೇ ಬದಲಿಸಿ ಹೊಸ ಪದರ ಕೊಡುತ್ತದೆ. ಟಾರ್ಗೆಟ್ ಸಿಆರ್‌ಎಸ್ ಇಪಿಎಸ್‌ಜಿ 32643, ಅಂದರೆ ಭೂಮಿಯನ್ನು ರೇಖಾಂಶದ ಪ್ರಕಾರ ವಲಯಗಳಾಗಿ ಹಂಚುವ ಯುಟಿಎಂ ಪದ್ಧತಿಯ 43 ಉತ್ತರ ವಲಯ. ಹೊಸ ಪದರವನ್ನು ಜಿಯೋಪ್ಯಾಕೇಜ್ ಕಡತವಾಗಿ ಉಳಿಸಿ, ಬಫರ್‌ಗೆ ಅದನ್ನೇ ಆರಿಸಿ. ದೂರದ ಪೆಟ್ಟಿಗೆಯ ಪಕ್ಕ 'ಮೀಟರ್ಸ್' ಎಂದು ಕಾಣಬೇಕು. 'ಡಿಗ್ರೀಸ್' ಎಂದಿದ್ದರೆ ಹಳೆಯ ಪದರ ಆಯ್ಕೆಯಾಗಿದೆ ಎಂದರ್ಥ. ದೂರ 500, ಸೆಗ್ಮೆಂಟ್ಸ್ (ಬಾಗಿದ ಅಂಚನ್ನು ಎಳೆಯುವ ತುಂಡು ಗೆರೆಗಳ ಸಂಖ್ಯೆ) 16. ತಾನಾಗಿ ಬರುವ 5ರಲ್ಲಿ ಅಂಚು ಒರಟಾಗುತ್ತದೆ.

ಕೋಲಾರ, ಮುಳಬಾಗಿಲು 78 ಡಿಗ್ರಿ ರೇಖಾಂಶದ ಪೂರ್ವಕ್ಕಿವೆ. ಅದು ಮುಂದಿನ ವಲಯ, ಹಾಗಾಗಿ ಅಲ್ಲಿಗೆ 32644.