ನೀರು ಬೆರೆಸಿದ್ದಲ್ಲ, ಹಾಲು ಬಿಸಿಯಿತ್ತು

ನಮ್ಮೂರ ಹಾಲಿನ ಡೇರಿಯಲ್ಲಿ ಟೆಸ್ಟರ್ ಆಗಿ ಸೇರಿದ ಹೊಸದರಲ್ಲಿ ಒಬ್ಬ ಅಕ್ಕನ ಹಾಲನ್ನು ವಾಪಸ್ ಕಳಿಸಿದ್ದೆ. ಲ್ಯಾಕ್ಟೋಮೀಟರ್ (ಹಾಲಲ್ಲಿ ತೇಲಿಸಿ ಸಾಂದ್ರತೆ ನೋಡುವ ಗಾಜಿನ ಬುರುಡೆ) ಬಿಟ್ಟರೆ 26ಕ್ಕೆ ನಿಂತಿತು, ಹಸುವಿನ ಹಾಲಿಗೆ 28 ಆದರೂ ಬರಬೇಕು. ಸಾಲಲ್ಲಿ ನಿಂತವರ ಎದುರಿಗೇ "ಏನಕ್ಕಾ, ಕ್ಯಾನ್ ತೊಳೆದ ನೀರು ಹಾಗೇ ಬಿಟ್ರಾ?" ಅಂದುಬಿಟ್ಟೆ. "ಈಗ ಕರ್ಕೊಂಡು ಬಂದಿದ್ದು ಕಣಪ್ಪ, ಕ್ಯಾನ್ ಮುಟ್ಟಿ ನೋಡು" ಅಂದರು. ಅವರ ಮನೆ ಡೇರಿ ಎದುರಲ್ಲೇ. ಕ್ಯಾನ್ ನಿಜವಾಗಿಯೂ ಬೆಚ್ಚಗಿತ್ತು.

ಸ್ಯಾಂಪಲ್ ಮಾತ್ರ ನನ್ನ ಹತ್ತಿರ ಉಳಿದಿತ್ತು. ಎಲ್ಲರೂ ಹೋದ ಮೇಲೆ ಅದನ್ನು ಸ್ವಲ್ಪ ಬೆಚ್ಚಗೆ ಮಾಡಿ, ಥರ್ಮಾಮೀಟರ್ ಇಟ್ಟು, 36 ಡಿಗ್ರಿಯಲ್ಲಿ ನೋಡಿದೆ: ಮತ್ತೆ 26. ಜಾರನ್ನು ತಣ್ಣೀರಿನ ಬಕೆಟ್ಟಿನಲ್ಲಿ ಕೂರಿಸಿದೆ. 27 ಡಿಗ್ರಿಗೆ ಇಳಿದಾಗ ಲ್ಯಾಕ್ಟೋಮೀಟರ್ 28ರ ಹತ್ತಿರ ಬಂದು ನಿಂತಿತು. ಒಂದು ಹನಿ ಹಾಲು ಸೇರಿಸಿಲ್ಲ, ತೆಗೆದಿಲ್ಲ! (ನಮ್ಮಲ್ಲಿ ಬಿಸಿಗೂ ಡಿಗ್ರಿ, ಲ್ಯಾಕ್ಟೋಮೀಟರಿಗೂ ಡಿಗ್ರಿ, ಅರ್ಧ ಗೊಂದಲ ಅಲ್ಲೇ ಶುರು.)

ಆಗಿದ್ದು ಇಷ್ಟೇ. ಬಿಸಿಯಾದರೆ ಹಾಲು ಹಿಗ್ಗುತ್ತದೆ, ಅದೇ ತೂಕ ಜಾಸ್ತಿ ಜಾಗ ತಗೊಳ್ಳುತ್ತದೆ, ಸಾಂದ್ರತೆ ಇಳಿಯುತ್ತದೆ, ಬುರುಡೆ ಇನ್ನೂ ಕೆಳಗೆ ಮುಳುಗುತ್ತದೆ. ಬರೀ ನೀರು ತಗೊಂಡರೂ 4 ಡಿಗ್ರಿಯಲ್ಲಿ ಲೀಟರಿಗೆ 1000 ಗ್ರಾಂ ತೂಗೋದು 36ರಲ್ಲಿ 994ರ ಆಸುಪಾಸು. ನಮ್ಮ ಲ್ಯಾಕ್ಟೋಮೀಟರಿನ ಗೆರೆಗಳು 27 ಡಿಗ್ರಿಗೆ ಹಾಕಿದ್ದು. ಅದಕ್ಕಿಂತ ಬಿಸಿಯಿದ್ದರೆ ಒಂದೊಂದು ಡಿಗ್ರಿಗೂ 0.2 ಕೂಡಬೇಕು, ತಣ್ಣಗಿದ್ದರೆ ಕಳೆಯಬೇಕು. 26ಕ್ಕೂ 28ಕ್ಕೂ ನಡುವಿನ ಆ 2 ಅಂದರೆ ಸಣ್ಣದಲ್ಲ. ಲೆಕ್ಕದಲ್ಲಿ ಅದರ ಕಾಲುಭಾಗ ಎಸ್‌ಎನ್‌ಎಫ್‌ಗೆ (ಹಾಲಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶಕ್ಕೆ) ಹೋಗುತ್ತದೆ, ಅರ್ಧ ಪರ್ಸೆಂಟ್ ಹೋದರೆ ರೇಟೇ ಬಿತ್ತು. ದೂರದ ತೋಟದಿಂದ ನಡೆದು ಬರುವವರ ಹಾಲು ದಾರಿಯಲ್ಲೇ ಆರಿರುತ್ತದೆ, ಎದುರು ಮನೆಯವರಿಗೆ ಮಾತ್ರ ನಷ್ಟ. ಉಲ್ಟಾನೂ ಉಂಟು: ಫ್ರಿಜ್ಜಿನ ಹಾಲಿಗೆ ಸ್ವಲ್ಪ ನೀರು ಬೆರೆಸಿದರೂ 28 ತೋರಿಸೀತು. ಇದನ್ನು ನನಗಿಂತ ಮೊದಲೇ ಕಂಡುಕೊಂಡವರು ಊರಲ್ಲಿದ್ದರು.

ತಣ್ಣಗಾದ ಮೇಲೂ ಒಂದೆರಡು ಗಂಟೆ ಬಿಟ್ಟರೆ ಲ್ಯಾಕ್ಟೋಮೀಟರಿನ ಡಿಗ್ರಿ ಇನ್ನೊಂಚೂರು ಏರುತ್ತದೆ. ಕರೆದಾಗ ಕರಗಿರುವ ಕೊಬ್ಬು ನಿಧಾನಕ್ಕೆ ಗಟ್ಟಿಯಾಗಿ ಕುಗ್ಗುತ್ತದೆ, ಅದಕ್ಕೆ. ತುಪ್ಪದ ಡಬ್ಬಿ ನೋಡಿ, ಗಟ್ಟಿಯಾದ ಹರಳು ತಳಕ್ಕೆ ಕೂರುತ್ತದೆ. ನೀರಿನದ್ದೇ ಬೇರೆ ಜಾತಿ, ಗಟ್ಟಿಯಾದರೆ ಹಿಗ್ಗುತ್ತದೆ, ಮಂಜುಗಡ್ಡೆ ತೇಲುತ್ತದೆ.

ನೊರೆಯದ್ದು ಇನ್ನೊಂದು ಕಾಟ. ಅದು ಬರೀ ಗಾಳಿ, ಬಿಸಿ ಹಾಲಲ್ಲಿ ಗುಳ್ಳೆ ಇನ್ನೂ ಉಬ್ಬಿರುತ್ತದೆ. ಹಾಗಾಗಿ ಈಗ ಹಾಲನ್ನು ಜಾರಿನ ಅಂಚಿಗೆ ತಾಗಿಸಿ ನಿಧಾನಕ್ಕೆ ಸುರಿಯುತ್ತೇನೆ, ತುಳುಕುವಷ್ಟು ತುಂಬಿಸಿ ನೊರೆ ಊದಿ ತೆಗೆದು, ಮೊದಲು ಥರ್ಮಾಮೀಟರ್, ಆಮೇಲೆ ಲ್ಯಾಕ್ಟೋಮೀಟರ್. ಅಕ್ಕನ ಕ್ಯಾನ್ ಬಂದರೆ ಸಾಲು ಬಿಟ್ಟು ಪಕ್ಕಕ್ಕಿಡಿಸಿ, ಕೊನೆಗೆ ನೋಡುತ್ತೇನೆ.