ಲಘು-ಗುರು ಕಲಿತ ಕಿವಿಗೆ ಸ್ಪ್ಯಾನಿಷ್ ಕ್ರಿಯಾಪದ

ಸ್ಪ್ಯಾನಿಷ್ ಕಲಿಯೋಕೆ ಶುರು ಮಾಡಿದ ಮೊದಲ ಕೆಲವು ತಿಂಗಳು ನಾನು ಕ್ರಿಯಾಪದದ ರೂಪಗಳನ್ನೆಲ್ಲ ಮಗ್ಗಿ ಥರ ಉರು ಹೊಡೆದೆ. ಒಪ್ಪಿಸೋಕೆ ಬರುತ್ತಿತ್ತು, ಆದರೆ ಯಾರಾದರೂ ಮಾತಾಡಿದರೆ ಕಿವಿಗೆ ಸಿಗುತ್ತಿರಲಿಲ್ಲ. ಸ್ವರದ ಮೇಲೆ ಹಾಕುವ ಗೆರೆ, ಅಂದರೆ ತಿಲ್ದೆ, ಎಲ್ಲಿ ಬರಬೇಕು ಅಂತಲೂ ಗೊತ್ತಾಗುತ್ತಿರಲಿಲ್ಲ. ಒಂದೇ ಪದವನ್ನು ಎರಡು ಸಲ, ಎರಡು ರೀತಿ ಒಡೆದು ಬರೆಯೋಕೆ ಶುರು ಮಾಡಿದ ಮೇಲೆ ದಾರಿ ಸಿಕ್ಕಿತು.

'ಅಬ್ಲಾಬಮೊಸ್' ತಗೊಳ್ಳಿ. ನಾವು ಮಾತಾಡುತ್ತಿದ್ದೆವು ಅಂತ ಅರ್ಥ. ಅರ್ಥ ನೋಡಿ ಒಡೆದರೆ ಅಬ್ಲ್ + ಆ + ಬ + ಮೊಸ್: ಅಬ್ಲ್ ಧಾತು, ಆ ಈ ಗುಂಪಿನ ಕ್ರಿಯಾಪದಗಳ ಗುರುತಿನ ಸ್ವರ, ಬ ಹಿಂದೆ ನಡೆಯುತ್ತಿದ್ದದ್ದನ್ನು ಹೇಳುತ್ತದೆ, ಮೊಸ್ ಅಂದರೆ 'ನಾವು'. ಬಾಯಲ್ಲಿ ಮಾತ್ರ ಅ-ಬ್ಲಾ-ಬ-ಮೊಸ್. ಧಾತುವೇ ನಡುವೆ ಸೀಳಿಹೋಯಿತು ನೋಡಿ. ನಮ್ಮಲ್ಲೂ ಹೀಗೇ ಅಲ್ವಾ? ಮಾಡು + ದ + ಎವು ಅಂತ ವ್ಯಾಕರಣದಲ್ಲಿ ಬಿಡಿಸುತ್ತೇವೆ, ಆದರೆ ಹೇಳುವಾಗ ಮಾ-ಡಿ-ದೆ-ವು.

ನನ್ನನ್ನು ಜಾಸ್ತಿ ಕಾಡಿದ್ದು ಒತ್ತಕ್ಷರ. ಒತ್ತಕ್ಷರದ ಹಿಂದಿನದು ಗುರು ಅಂತ ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಹಾಕಿ ಕಿವಿ ಅದಕ್ಕೇ ಒಗ್ಗಿಹೋಗಿದೆ. 'ಪತ್ರ' ನಮ್ಮ ಬಾಯಲ್ಲಿ ಪತ್-ರ. ಹಾಗಾಗಿ 'ನಾನು ತೆರೆಯುತ್ತೇನೆ' ಅನ್ನೋಕೆ ನಾನು ಅಬ್-ರೊ ಅನ್ನುತ್ತಿದ್ದೆ. ಸ್ಪ್ಯಾನಿಷ್‌ನಲ್ಲಿ ಅದು ಅ-ಬ್ರೊ. ಬ್ಲ, ಬ್ರ, ಪ್ಲ, ಪ್ರ, ಕ್ಲ, ಕ್ರ, ತ್ರ, ದ್ರ ಥರದ ಜೋಡಿಗಳು ಒಡೆಯುವುದಿಲ್ಲ, ಎರಡು ವ್ಯಂಜನವೂ ಮುಂದಿನ ಸ್ವರದ ಜೊತೆಗೇ ಹೋಗುತ್ತವೆ. ಆದರೆ 'ಕಂತಾರ್' (ಹಾಡುವುದು) ಕನ್-ತಾರ್ ಅಂತ ಒಡೆಯುತ್ತದೆ. ಅಲ್ಲಿ ನಮ್ಮ ಕಿವಿ ಹೇಳಿದ್ದೇ ಸರಿ. ನಾನು 'ಅ' ಅಂದು ಒಂದು ಚಪ್ಪಾಳೆ ತಟ್ಟಿ, ಸ್ವಲ್ಪ ತಡೆದು 'ಬ್ರೊ' ಅನ್ನುತ್ತಾ ವಾರಗಟ್ಟಲೆ ಅಭ್ಯಾಸ ಮಾಡಿದೆ.

ಯ ಒತ್ತು ಮಾತ್ರ ನನಗೆ ತುಂಬಾ ಸಹಾಯ ಮಾಡಿತು. 'ತಿನ್ನುತ್ತಿದ್ದ' ಅನ್ನೋಕೆ ಕೊ-ಮೀ-ಅ, ಮೂರು ತುಂಡು. 'ತಿಂದ' ಅನ್ನೋಕೆ ಕೊ-ಮ್ಯೊ, ಎರಡೇ. ಎರಡು ಸ್ವರ ಕೂಡಿಕೊಂಡರೆ ಕನ್ನಡದಲ್ಲಿ ಒತ್ತು ಹಾಕಿ ಬರೆದೆ, ಬೇರೆ ನಿಂತರೆ ಬಿಡಿಸಿ ಬರೆದೆ, ಗೊಂದಲ ಹೋಯಿತು.

ತುಂಡು ಎಣಿಸೋಕೆ ಬಂದರೆ ತಿಲ್ದೆ ಸುಲಭ. ಪದ ಸ್ವರ, ನ್ ಅಥವಾ ಸ್ ಇಂದ ಮುಗಿದರೆ ಒತ್ತಿ ಹೇಳುವುದು ಕೊನೆಯಿಂದ ಎರಡನೇ ತುಂಡನ್ನು, ಬೇರೆ ವ್ಯಂಜನದಿಂದ ಮುಗಿದರೆ ಕೊನೆಯದನ್ನು. ಇದನ್ನು ಮೀರಿದರೆ ಗೆರೆ ಬೀಳುತ್ತದೆ. 'ಅಬ್ಲೊ' ಪದದಲ್ಲಿ ಅ ಮೇಲೆ ಒತ್ತಿದರೆ ಮಾತಾಡುತ್ತೇನೆ, ಬ್ಲೊ ಮೇಲೆ ಒತ್ತಿದರೆ ಅವನು ಮಾತಾಡಿದ! 'ಕೊಮೀಅ' ಪದದಲ್ಲಿ ಗೆರೆ ಇರುವುದು ಬೇರೆ ಕಾರಣಕ್ಕೆ, ಮೀ ಮತ್ತು ಅ ಕೂಡಿಕೊಳ್ಳದೆ ನಿಂತಿವೆ ಅಂತ ತೋರಿಸೋಕೆ.

ಹೀಗೆ ಒತ್ತಿ ಹೇಳುವ ಒತ್ತು (ಒತ್ತಕ್ಷರದ ಒತ್ತಲ್ಲ) ಧಾತುವಿನ ಒಳಗನ್ನೂ ಬದಲಿಸುತ್ತದೆ. ಪ್ವೆ-ದೊ (ನನ್ನಿಂದ ಆಗುತ್ತೆ), ಆದರೆ ಪೊ-ದೆ-ಮೊಸ್ (ನಮ್ಮಿಂದ ಆಗುತ್ತೆ). ಧಾತುವಿನ ಮೇಲೆ ಒತ್ತು ಬಿದ್ದಾಗ ಒ ಹೋಗಿ ವೆ ಬರುತ್ತದೆ, ಒತ್ತು ಮುಂದೆ ಸರಿದರೆ ಒ ಹಾಗೇ ಉಳಿಯುತ್ತದೆ. ಎಲ್ಲ ಧಾತುಗಳೂ ಹೀಗೆ ಬದಲಾಗುವುದಿಲ್ಲ, ಯಾವುವು ಅಂತ ಕಲಿತೇ ತಿಳಿಯಬೇಕು.

ಈಗ ಹೊಸ ರೂಪ ಸಿಕ್ಕಿದರೆ ಪೆನ್ಸಿಲ್ ತಗೊಂಡು ಪದದ ಮೇಲೆ ಅರ್ಥದ ಗೆರೆ, ಕೆಳಗೆ ಉಚ್ಚಾರದ ಗೆರೆ ಎಳೆಯುತ್ತೇನೆ. ನಿನ್ನೆ ಎಳೆದದ್ದು 'ದಾಮೆಲೊ', ಅದನ್ನು ನನಗೆ ಕೊಡು: ದಾ + ಮೆ + ಲೊ. ಮೇಲಿನ ಗೆರೆ, ಕೆಳಗಿನ ಗೆರೆ ಎರಡೂ ಒಂದೇ ಕಡೆ ಬಿದ್ದವು.